ಮೇಲಂಗಿಯ ಕೆಳಗಿನ ಪ್ರಾಣಿ

"ಹಳೆ ಕಾಗದ ರಿಪೇರಿ ಅಂದ್ರೆ ಏನ್ ಸಾರ್, ಒಂದು ಮೂಲೇಲಿ ಕೂತು ಗೋಂದು ಹಚ್ಚೋದು ತಾನೇ?" ಎಂದು ಲಂಡನ್ನಿನ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಬೆಂಗಳೂರಿನ ಇಂಜಿನಿಯರ್ ಒಬ್ಬರು ನನ್ನನ್ನು ಕೇಳಿದರು. ನನ್ನ ಬಾಯಿ ತುಂಬ ಹೋಳಿಗೆ ಇತ್ತು, ಅವರು ಬಚಾವಾದರು. ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವರಿಗಿಂತ ಹೆಚ್ಚಾಗಿ, ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರು ಓದಲಿ ಎಂದು.

ಹೌದು, ಗೋಂದು ಹಚ್ಚುವುದೇ. ಆದರೆ ಆ ಗೋಂದಿನ ಕೆಳಗೆ ಸಿಂಹ ಇರುತ್ತದೆ, ತೋಳ ಇರುತ್ತದೆ, ಕನ್ನಡಕ ಹಾಕಿದ ಗೂಬೆ ಇರುತ್ತದೆ. ರಾಜನ ಹೆಸರು ಎತ್ತಿದರೆ ಜೈಲು ಎನ್ನುವ ಕಾಲದಲ್ಲಿ, ಹೆಸರು ಎತ್ತದೆಯೇ ರಾಜನಿಗೆ ಬಾಲ ಬರೆದವರ ಕಾಗದಗಳು ಅವು. ಮುನ್ನೂರು ನಾನೂರು ವರ್ಷ ಹಳೆಯ ಬೈಗುಳ ನಿಮ್ಮ ಅಂಗೈ ಮೇಲೆ ಇನ್ನೂ ಬಿಸಿಯಾಗಿ ಇರುತ್ತದೆ. ಇಂಥ ಕೆಲಸ ಇನ್ನೆಲ್ಲಿದೆ ಹೇಳಿ!

ನಾನು ಓದಿದ್ದು ಏಳನೆಯ ತರಗತಿ. ಅದನ್ನು ತಗ್ಗಿದ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ವಿಜಯಪುರದಲ್ಲಿ ಶಾಲೆ ಬಿಟ್ಟ ಮೇಲೆ ಸಿನಿಮಾ ಪೋಸ್ಟರ್ ಹಚ್ಚುವ ಕೆಲಸಕ್ಕೆ ಸೇರಿದೆ. ಸೈಕಲ್ಲು, ಏಣಿ, ಒಂದು ಬಕೆಟ್ ಮೈದಾ ಅಂಟು. ಆ ಅಂಟಿಗೆ ಒಂದು ಹಿಡಿ ಮೈಲುತುತ್ತ ಬೆರೆಸುತ್ತಿದ್ದೆವು, ಏಕೆಂದರೆ ಮೈದಾದ ರುಚಿಗೆ ದನಗಳು ಪೋಸ್ಟರನ್ನೇ ಕಿತ್ತು ತಿನ್ನುತ್ತಿದ್ದವು. ಒಮ್ಮೆ ಮೈಲುತುತ್ತ ಮರೆತ ದಿನ ಗಾಂಧಿ ಚೌಕದ ಹತ್ತಿರ ಒಂದು ಎಮ್ಮೆ ನಾಯಕನನ್ನು ಸೊಂಟದವರೆಗೆ ತಿಂದು ನಾಯಕಿಯ ಕಡೆಗೆ ಹೊರಳಿತ್ತು.

ನಮ್ಮ ಕಂತ್ರಾಟುದಾರ ಹುಸೇನ್ ಮಾಮಾ ಬೆಳಿಗ್ಗೆ ಸೈಕಲ್ ಮೇಲೆ ಊರು ಸುತ್ತಿ ಬರುತ್ತಿದ್ದರು. ಪೋಸ್ಟರಿನಲ್ಲಿದ್ದ ಖಳನಾಯಕನ ಮುಖಕ್ಕೆ ಜನ ಸಗಣಿ ಎಸೆದಿದ್ದರೆ, ಮೂಗು ಕೆರೆದು ಹಾಕಿದ್ದರೆ, ಹೊಸದು ಹಚ್ಚಲು ನಾನು ಏಣಿ ಎತ್ತುತ್ತಿದ್ದೆ. ಅವರು ತಡೆಯುತ್ತಿದ್ದರು. "ಮುಟ್ಟಬ್ಯಾಡಲೇ ಮಲ್ಲ್ಯಾ, ಹಂಗ ಇರಲಿ. ಮಂದಿ ಅವನ ಮೋತಿ ಕೆಡಿಸ್ಯಾರಂದ್ರ ಪಿಚ್ಚರ್ ಓಡತೈತಿ." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಂಡನ್ನಿಗೆ ಬಂದದ್ದು ಹೆಂಡತಿಯ ತಮ್ಮನ ಕೈ ಹಿಡಿದು. ಅವನು ಫೆಲ್ಥಮ್‌ನಲ್ಲಿದ್ದ, ವಿಮಾನ ನಿಲ್ದಾಣದ ಕೆಲಸ. ನಾನೂ ಕೆಲಕಾಲ ಅಲ್ಲಿ ಪೆಟ್ಟಿಗೆ ಎತ್ತಿದೆ, ಆಮೇಲೆ ಒಂದು ಫ್ರೇಮ್ ಅಂಗಡಿಯಲ್ಲಿ ಗಾಜು ಕತ್ತರಿಸಿದೆ. ಅಲ್ಲಿಂದ ಥೇಮ್ಸ್ ನದಿಯ ದಕ್ಷಿಣಕ್ಕಿರುವ ಒಂದು ಸಣ್ಣ ವಸ್ತುಸಂಗ್ರಹಾಲಯದ ಕಾಗದ ರಿಪೇರಿ ಕೋಣೆಗೆ ಸೇರಿದೆ. ಮೂರನೆಯ ಮಹಡಿ, ಉತ್ತರದ ಕಿಟಕಿ, ಉದ್ದದ ಮೇಜು, ಗೋಡೆಗೆ ಒಂದು ಸಿಂಕು. ನಿವೃತ್ತಿಯವರೆಗೆ ನನ್ನ ಜೀವನ ಆ ಕೋಣೆಯಲ್ಲೇ ಕಳೆಯಿತು. ನಮ್ಮ ಮನೆಯಿದ್ದ ಈಸ್ಟ್ ಹ್ಯಾಮ್‌ನಿಂದ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದು ಹೋಗುವಾಗ ನನ್ನಷ್ಟು ಆತುರದಿಂದ ಕೆಲಸಕ್ಕೆ ಓಡುವವರು ಆ ಬೋಗಿಯಲ್ಲಿ ಇನ್ನೊಬ್ಬರಿರಲಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಆ ಕೋಣೆಯ ಒಡತಿ ಹೆಲೆನ್. ಉದ್ದನೆಯ ಹೆಂಗಸು, ಚಿಕ್ಕ ಮಾತು. ಅವರ ಮೊದಲ ಕಾನೂನು: ಒಳಗೆ ಬಂದೊಡನೆ ಕೈ ತೊಳೆಯಬೇಕು. ಚಹಾ ಕುಡಿದರೆ ಮತ್ತೆ ತೊಳೆಯಬೇಕು. ಮೂಗು ಮುಟ್ಟಿಕೊಂಡರೆ ಮತ್ತೆ. ಸಂಗ್ರಹಾಲಯದ ನಿರ್ದೇಶಕರು ಒಮ್ಮೆ ಅತಿಥಿಗಳನ್ನು ಕರೆತಂದಾಗ, ಅವರು ಬಾಯಿ ತೆರೆಯುವ ಮುಂಚೆ ಹೆಲೆನ್ ಸಿಂಕಿನ ಕಡೆ ಬೆರಳು ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿರ್ದೇಶಕರು ತೆಪ್ಪಗೆ ತೊಳೆದುಕೊಂಡರು.

ಮೊದಲ ವಾರ ಗೋಧಿ ಪಿಷ್ಟದ ಅಂಟು ಕುದಿಸಲು ಹೇಳಿದರು. ಇದನ್ನು ನನಗೆ ಹೇಳಿಕೊಡಬೇಕೇ! ಗಂಟಿಲ್ಲದೆ, ಗಾಜಿನಂತೆ ಹೊಳೆಯುವ ಅಂಟು ಮಾಡಿ ಇಳಿಸಿದೆ. ಹೆಲೆನ್ ಕುಂಚದಲ್ಲಿ ಎತ್ತಿ ನೋಡಿ ತಲೆಯಾಡಿಸಿದರು. ನಾನು ಉಬ್ಬಿದೆ. (ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಹಾಕುತ್ತಿದ್ದೇನೆ, ಸಹಿಸಿಕೊಳ್ಳಿ.)

"ಮೈಲುತುತ್ತ ಎಲ್ಲಿಟ್ಟಿದೀರಿ ಮೇಡಂ?" ಎಂದೆ. ಆ ನೀಲಿ ಹರಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಫ್ರೇಮ್ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡಿದ್ದೆ.

ಅವರ ಕುಂಚ ಗಾಳಿಯಲ್ಲೇ ನಿಂತಿತು. "ತಾಮ್ರ? ನನ್ನ ಅಂಟಿನಲ್ಲಿ? ಯಾಕೆ?"

"ದನ ತಿನ್ನಬಾರದಲ್ಲ."

ಹೆಲೆನ್ ಕಿಟಕಿಯ ಹತ್ತಿರ ಹೋಗಿ ಕೆಳಗೆ ರಸ್ತೆ ನೋಡಿದರು. ಹಿಂದಿರುಗಿ ಬಂದು ಬಹಳ ಗಂಭೀರವಾಗಿ ಹೇಳಿದರು, "ಮಲ್, ಮೂರನೇ ಮಹಡಿವರೆಗೂ ಬರೋ ದನ ಸಿಕ್ಕರೆ ನನ್ನನ್ನು ಕರಿ. ಅದಕ್ಕೂ ಕೈ ತೊಳೆಸೋಣ." ಆಮೇಲೆ ನಕ್ಕರು, ನಾನೂ ನಕ್ಕೆ. ತಾಮ್ರ ಕಾಗದವನ್ನು ಒಳಗಿನಿಂದ ಸುಡುತ್ತದೆ ಎಂದು ಅಂದು ಕಲಿತೆ. ಹಳೆಯ ಚಿತ್ರಗಳಲ್ಲಿ ಹಸಿರು ಬಣ್ಣವಿದ್ದಲ್ಲಿ ಕಾಗದ ಹಪ್ಪಳದಂತೆ ಮುರಿಯುವುದೂ ಅದಕ್ಕೇ. ಆ ಹಸಿರನ್ನೂ ತಾಮ್ರದಿಂದಲೇ ಮಾಡುತ್ತಿದ್ದರು. ಹೊಸಬರೇ, ಹಸಿರು ಕಂಡರೆ ಕೈ ನಿಧಾನಿಸಿ.

ಪ್ರಾಣಿಗಳ ಪಾಠ ಹೇಳಿದವನು ಪ್ಯಾಟ್ರಿಕ್. ಚಿತ್ರಗಳ ಸಂಗ್ರಹ ನೋಡಿಕೊಳ್ಳುವ ವಿದ್ವಾಂಸ. ಮಾತು ಹಿಡಿದರೆ ಬಿಡುವವನಲ್ಲ, ನಾನು ಕೇಳುವುದು ಹಿಡಿದರೆ ಬಿಡುವವನಲ್ಲ. ಜೋಡಿ ಸರಿಹೋಯಿತು. ಹುಂಜ ಎಂದರೆ ಫ್ರಾನ್ಸು, ಕರಡಿ ಎಂದರೆ ರಷ್ಯಾ, ಪಾದ್ರಿಯ ನಿಲುವಂಗಿ ತೊಟ್ಟು ಬಾತುಕೋಳಿಗಳಿಗೆ ಉಪದೇಶ ಮಾಡುವ ನರಿ ಎಂದರೆ ಉಪದೇಶ ಆದಮೇಲೆ ಊಟ. ಆದರೆ ಒಂದು ಪ್ರಾಣಿಗೆ ಒಂದೇ ಅರ್ಥ ಎಂದು ನಂಬಿ ಕುಳಿತರೆ ಕೆಟ್ಟಿರಿ. ಒಂದು ಹಾಳೆಯಲ್ಲಿ ಸಿಂಹ ಡಚ್ಚರ ದೇಶ, ಇನ್ನೊಂದರಲ್ಲಿ ಇಂಗ್ಲೆಂಡಿನ ರಾಜ, ಮತ್ತೊಂದರಲ್ಲಿ ಹಲ್ಲುದುರಿ ಮೂಲೆಯಲ್ಲಿ ಗೊರಕೆ ಹೊಡೆಯುವ ಮುದುಕ.

ಒಂದು ಹಸುವಿನ ಚಿತ್ರ ಬಂತು. ಮೇಲೆ ಒಬ್ಬ ಸವಾರಿ ಕೂತಿದ್ದಾನೆ, ಕೆಳಗೆ ಒಬ್ಬ ಹಾಲು ಕರೆಯುತ್ತಿದ್ದಾನೆ, ಹಿಂದೆ ಒಬ್ಬ ಬಾಲ ಎಳೆಯುತ್ತಿದ್ದಾನೆ, ಮುಂದೆ ಒಬ್ಬ ರಾಣಿ ಹುಲ್ಲು ಹಿಡಿದು ನಿಂತಿದ್ದಾಳೆ. ನನಗೆ ನೋಡಿದೊಡನೆ ಅರ್ಥವಾಗಿಬಿಟ್ಟಿತು.

"ಈ ಮೂವರೂ ಪಾಪಿಗಳು," ಎಂದೆ. "ಈ ತಾಯಿ ಮಾತ್ರ ಪುಣ್ಯವಂತೆ. ಗೋಗ್ರಾಸ ಕೊಡ್ತಿದಾಳೆ. ನಮ್ಮಲ್ಲಿ ಊಟಕ್ಕೆ ಮುಂಚೆ ಹಸುವಿಗೆ ಒಂದು ತುತ್ತು ಕೊಡೋದು ಪದ್ಧತಿ."

ಪ್ಯಾಟ್ರಿಕ್ ಕುರ್ಚಿಯಲ್ಲಿ ಹೊರಳಾಡಿ ನಕ್ಕ. "ಪುಣ್ಯವಂತೆ! ಮಲ್, ಹಸು ಅಂದ್ರೆ ಒಂದು ದೇಶ. ಇವರೆಲ್ಲ ಅಕ್ಕಪಕ್ಕದ ರಾಜರು. ಅವಳು ಹುಲ್ಲು ಹಾಕ್ತಿರೋದು ನಾಳೆ ಚೆಂಬು ಹಿಡ್ಕೊಂಡು ಬರೋಕೆ!"

ಮನೆಗೆ ಬಂದು ಇದನ್ನು ಹೇಳಿದರೆ ನನ್ನ ಹೆಂಡತಿ ಶಾಂತಾ ನಗಲಿಲ್ಲ. "ಅದರಾಗೇನ್ ಹೊಸಾದ್ರೀ? ನಮ್ಮೂರಾಗ ಇಲೆಕ್ಷನ್ ಬಂದಾಗ ಸೀರಿ ಕೊಡತಿದ್ದಿಲ್ಲೇನ್?" ಎಂದಳು. ಇಷ್ಟೇ ನೋಡಿ. ವಿಡಂಬನೆಗೆ ವಿದ್ಯೆ ಬೇಕು, ಬೇಡ ಎಂದೂ ಹೇಳಬಹುದು.

ಇನ್ನು ವಿಧಾನ ಬದಲಾದ ಮಾತು. ನಾನು ಸೇರಿದಾಗ ತೊಳೆಯುವುದೇ ದೊಡ್ಡ ವಿದ್ಯೆ. ಕಂದು ಬಣ್ಣಕ್ಕೆ ತಿರುಗಿದ ಹಾಳೆಯನ್ನು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟರೆ ಚಹಾದಂಥ ನೀರು ಇಳಿಯುತ್ತಿತ್ತು, ಹಾಳೆ ಮದುವೆಗೆ ಹೊರಟಂತೆ ಬೆಳ್ಳಗಾಗುತ್ತಿತ್ತು. ಹೆಲೆನ್ ಅವರ ಗುರುವಂತೂ ಒಂದು ಕಲೆ ಉಳಿದರೂ ಹಾಳೆಯನ್ನು ಮತ್ತೆ ನೀರಿಗಿಳಿಸುತ್ತಿದ್ದರಂತೆ. ಬರಬರುತ್ತ ಜನ ಯೋಚಿಸಲು ಶುರುಮಾಡಿದರು: ತೊಳೆದದ್ದು ಕೊಳೆಯನ್ನೋ, ಕಥೆಯನ್ನೋ? ನೀರು ಕಡಿಮೆಯಾಯಿತು, ನೋಡುವುದು ಹೆಚ್ಚಾಯಿತು. ಈ ಬದಲಾವಣೆ ಪುಸ್ತಕದಿಂದ ನನಗೆ ತಿಳಿಯಲಿಲ್ಲ, ಒಂದೇ ಒಂದು ಹಾಳೆಯಿಂದ ತಿಳಿಯಿತು. ಅದನ್ನು ಹೇಳಲೆಂದೇ ಇಷ್ಟೆಲ್ಲ ಪೀಠಿಕೆ.

ಕೆಲವು ವರ್ಷಗಳ ಹಿಂದೆ ಪ್ಯಾಟ್ರಿಕ್ ಈ ಪ್ರಾಣಿಗಳದ್ದೇ ಒಂದು ಪ್ರದರ್ಶನ ಮಾಡಲು ಹೊರಟ. ಅದೇ ವರ್ಷ ಹೆಲೆನ್ ನಿವೃತ್ತಿ ಆಗುವವರಿದ್ದರು. ಕಪಾಟಿನಿಂದ ಒಂದು ಜರ್ಮನ್ ಹಾಳೆ ಹೊರಬಂತು. ದಿಬ್ಬದ ಮೇಲೆ ಕುರಿಗಾಹಿ ಕುಳಿತಿದ್ದಾನೆ. ಕೈಯಲ್ಲಿ ಕೋಲು, ಮೈ ತುಂಬ ಹಸಿರು ಮೇಲಂಗಿ, ತಲೆ, ಮುಖ ಮುಚ್ಚುವಷ್ಟು ದೊಡ್ಡ ಟೋಪಿ. ಸುತ್ತ ಕುರಿಗಳು ಭಕ್ತಿಯಿಂದ ಮೇಲೆ ನೋಡುತ್ತಿವೆ. ಇಂಥದ್ದೇ ಇನ್ನೊಂದು ಪ್ರತಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

"ಇದರಲ್ಲಿ ಬೈಗುಳ ಎಲ್ಲಿದೆ?" ಎಂದೆ.

"ಅದೇ ನನಗೂ ತಲೆಬಿಸಿ," ಎಂದ ಪ್ಯಾಟ್ರಿಕ್. "ಕೆಳಗಿನ ಪದ್ಯದಲ್ಲಿ ಮೇಲಂಗಿ ಎತ್ತಿ ಕುರಿ ಕಾಯೋನ ಮುಖ ನೋಡು ಅಂತಿದೆ. ಎತ್ತೋಕೆ ಏನೂ ಇಲ್ಲ."

ಹೆಲೆನ್ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರು. ಮೇಲಂಗಿ, ಟೋಪಿಗಳ ಸುತ್ತ ಕೂದಲೆಳೆಯಷ್ಟು ನೆರಳು ಎದ್ದಿತು. ನನ್ನ ಮೈ ಜುಮ್ಮೆಂದಿತು! ಅವೆರಡೂ ಸೇರಿ ಒಂದು ಬೇರೆ ಕಾಗದದ ತುಂಡು. ಒಂದು ಕಾಲದಲ್ಲಿ ಕಿಟಕಿಯ ಬಾಗಿಲಿನಂತೆ ಎತ್ತುವಂತಿತ್ತು. ಯಾರೋ ಸುತ್ತಲೂ ಅಂಟು ಹಚ್ಚಿ ಮುಚ್ಚಿಬಿಟ್ಟಿದ್ದರು.

"ಮುಚ್ಚಿದೋನು ಹೆದರಿದ್ದಾನೆ," ಎಂದ ಪ್ಯಾಟ್ರಿಕ್. ಅವನ ದನಿ ಇಳಿದಿತ್ತು. "ಯಾರದ್ದೋ ಭಯ. ತೋರಿಸೋಕೆ ಧೈರ್ಯ ಇಲ್ಲ, ಸುಡೋಕೆ ಮನಸ್ಸು ಬಂದಿಲ್ಲ. ಒಳಗಿರೋದು ತೋಳ. ನನ್ನ ಲೇಖನದಲ್ಲಿ ತೋಳ ಅಂತಲೇ ಬರೀತೀನಿ."

"ನರಿ," ಎಂದೆ ನಾನು. "ಈಸ್ಟ್ ಹ್ಯಾಮ್‌ನಲ್ಲಿ ಮಸಾಲೆ ದೋಸೆ ಪಂದ್ಯ."

ಹಾಳೆಯ ಬೆನ್ನಿಗೆ ದಪ್ಪ ರಟ್ಟು ಅಂಟಿದ್ದರಿಂದ ಬೆಳಕು ಹಿಡಿದರೂ ಏನೂ ಕಾಣುತ್ತಿರಲಿಲ್ಲ. ಬಿಚ್ಚಲೇಬೇಕು. ಆಡಳಿತ ಮಂಡಳಿ ಬೇಡ ಎಂದಿತು: ಇರುವುದೊಂದೇ ಪ್ರತಿ, ಹಸಿರು ಬಣ್ಣ ಕಾಗದವನ್ನು ತಿಂದಿದೆ, ಹರಿದರೆ ಮತ್ತೆಲ್ಲಿಂದ ತರುವುದು? ಪ್ಯಾಟ್ರಿಕ್ ಬಿಡಲಿಲ್ಲ. ಬಿಚ್ಚದೆ ತೂಗುಹಾಕಿದರೆ ಬೈಯಲು ಮಾಡಿದ ಚಿತ್ರ ಹೊಗಳುತ್ತಾ ನೇತಾಡುತ್ತದೆ ಎಂದು ವಾದಿಸಿದ. ಕೊನೆಗೆ ಹೆಲೆನ್ ಒಬ್ಬರೇ ಹೋಗಿ ಮಾತನಾಡಿದರು. ಅವರ ಹೆಬ್ಬೆರಳಿನ ಗಂಟುಗಳು ಆಗಲೇ ಊದಿ ಸೊಟ್ಟಗಾಗಿದ್ದವು, ಸಣ್ಣ ಅಲಗು ಹಿಡಿಯಲು ಆಗುತ್ತಿರಲಿಲ್ಲ.

ಬಂದು ನನ್ನ ಎದುರು ಕುಳಿತರು. "ಕಣ್ಣು ನನ್ನದು, ಕೈ ನಿನ್ನದು ಅಂತ ಹೇಳಿ ಬಂದಿದೀನಿ."

"ಒಪ್ಪಿದರಾ?"

"ನಿನ್ನ ಡಿಪ್ಲೊಮಾ ಎಲ್ಲಿ ಅಂತ ಕೇಳಿದರು. ಇಲ್ಲ ಅಂದೆ. ಹರಿದರೆ ಹೊಣೆ ನನ್ನದು, ಅವನದಲ್ಲ ಅಂತ ಸಹಿ ಹಾಕಿದೀನಿ."

ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಆ ಹೆಂಗಸು ಇಡೀ ಜೀವಮಾನದಲ್ಲಿ ಒಂದು ಹಾಳೆಯ ಅಂಚು ಮುರಿದವರಲ್ಲ. ನಿವೃತ್ತಿಯ ಹೊತ್ತಿನಲ್ಲಿ ಗಳಿಸಿದ ಹೆಸರನ್ನೆಲ್ಲ ತಂದು ನನ್ನ ಬೆರಳ ತುದಿಗೆ ಕಟ್ಟಿದ್ದರು.

"ಊಟಾ ಮಾಡವಲ್ರಿ ಯಾಕ?" ಎಂದಳು ಶಾಂತಾ ಆ ರಾತ್ರಿ.

"ನಾಳೆ ಕೈ ಹಗುರ ಇರಬೇಕು."

"ಕೈ ಹಗುರ ಇರಬೇಕಂದ್ರ ಕೈ ಉಪಾಸ ಇಡ್ರಿ, ಹೊಟ್ಟಿಗ್ಯಾಕ ಶಿಕ್ಷೆ? ರೊಟ್ಟಿ ತಿನ್ರಿ ಸುಮ್ನ." ತಿಂದೆ.

ಬೆಳಿಗ್ಗೆ ಶುರುಮಾಡಿದೆವು. ನೀರು ಹಾಕುವಂತಿಲ್ಲ, ಬಣ್ಣ ಹರಡುತ್ತದೆ. ಒದ್ದೆ ಜೆಲ್ಲಿನ ಸಣ್ಣ ಪಟ್ಟಿಗಳನ್ನು ಅಂಚಿನ ಮೇಲಿಟ್ಟು, ಅಂಟು ತೇವ ಕುಡಿದು ಮೆತ್ತಗಾಗುವವರೆಗೆ ಕಾಯಬೇಕು. ಆಮೇಲೆ ಬಿದಿರಿನ ತೆಳು ಅಲಗನ್ನು ಕೆಳಗೆ ತೂರಿಸಬೇಕು. ಪೋಸ್ಟರ್ ಕೀಳುವ ನನ್ನ ಕೈ ಮೇಲಕ್ಕೆ ಎಳೆಯಲು ಹವಣಿಸುತ್ತಿತ್ತು. "ಮೇಲಕ್ಕಲ್ಲ, ಹಿಂದಕ್ಕೆ. ಎತ್ತಬೇಡ, ಮಗುಚು," ಎಂದು ಹೆಲೆನ್ ಕಿವಿಯ ಹತ್ತಿರ ಹೇಳುತ್ತಲೇ ಇದ್ದರು. ಕೆಳಗಿನ ಅಂಚು ಬಿಟ್ಟಿತು. ಬಲಗಡೆ ಬಿಟ್ಟಿತು. ಪ್ಯಾಟ್ರಿಕ್ ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದ.

ಭುಜದ ಹತ್ತಿರ ಹಸಿರು ದಟ್ಟವಾಗಿತ್ತು. ಅಲಗು ಒಳಗೆ ಹೋಯಿತು. ಚಿಟ್ ಎಂದಿತು.

ಒಣ ಎಲೆ ತುಳಿದಂಥ ಸದ್ದು. ನನ್ನ ಕೈ ಅಲ್ಲೇ ನಿಂತಿತು. ಪ್ಯಾಟ್ರಿಕ್ "ಅಯ್ಯೋ ದೇವರೇ" ಎಂದ.

"ಪ್ಯಾಟ್ರಿಕ್, ಹೊರಗೆ," ಎಂದರು ಹೆಲೆನ್. ದನಿ ಏರಲಿಲ್ಲ. "ಮಲ್, ಅಲಗು ಹಾಗೇ ಇರಲಿ. ಕೈ ಬಿಡು. ಉಸಿರಾಡು." ಭೂತಗನ್ನಡಿ ಹಿಡಿದು ನೋಡಿದರು. "ಬಿರುಕು ಬಣ್ಣದಲ್ಲಿದೆ, ಕಾಗದ ದಾಟಿಲ್ಲ. ಜಪಾನಿ ಕಾಗದ ತಾ."

ಚಿಟ್ಟೆಯ ರೆಕ್ಕೆಯಷ್ಟು ತೆಳ್ಳನೆಯ ಆ ಕಾಗದವನ್ನು ಬಿರುಕಿನ ಮೇಲೆ ಹೊದಿಸಿ, ಒಣಗಲು ಬಿಟ್ಟೆವು. ನಾನು ನಿಲ್ಲಿಸಿಬಿಡೋಣ ಎಂದೆ. ಇಲ್ಲಿಯವರೆಗೆ ಬಿಚ್ಚಿದ್ದು ಸಾಕು, ನಿಮ್ಮ ಹೆಸರು ಕೆಡುವುದು ಬೇಡ ಎಂದೆ.

"ನನ್ನ ಹೆಸರಿನ ಚಿಂತೆ ನನಗಿರಲಿ," ಎಂದರು. "ನಿನ್ನ ಕೈ ಚಿಟ್ ಅಂದ ತಕ್ಷಣ ನಿಂತಿತು. ನಿಲ್ಲೋ ಕೈ ಮುಂದಕ್ಕೂ ಹೋಗಬಹುದು. ಎಡಗಡೆಯಿಂದ ಬಾ."

ಎಡಗಡೆಯಿಂದ ಬಂದೆ. ಊಟದ ಹೊತ್ತು ದಾಟಿತು, ಕಿಟಕಿಯ ಬೆಳಕು ಮೇಜಿನ ಆ ತುದಿಗೆ ಸರಿಯಿತು. ಕೊನೆಯ ಅಂಟು ಬಿಟ್ಟಾಗ ಅದು ಬಿಟ್ಟದ್ದು ಕೈಗೆ ಗೊತ್ತಾಯಿತು, ಕಣ್ಣಿಗಲ್ಲ. ಪ್ಯಾಟ್ರಿಕ್‌ನನ್ನು ಒಳಗೆ ಕರೆದೆವು. ಮೇಲಂಗಿಯನ್ನು ಮಗುಚಿದೆ.

ಮೂವರೂ ಬಗ್ಗಿದೆವು. ಕುರಿಗಾಹಿಯ ಕಾಲಿದ್ದ ಕಡೆ ಉಗುರುಳ್ಳ ಪಂಜ, ಪಂಜದ ಕೆಳಗೆ ಒಂದು ಕುರಿಮರಿ, ಹಿಂದೆ ಬಾಲ, ಮೇಲೆ ಎರಡು ನೆಟ್ಟ ಕಿವಿ. ಮುಖ?

ಮುಖ ಇರಲಿಲ್ಲ. ಕಿವಿಗಳ ಕೆಳಗೆ ಕಾಗದ ಸವೆದು, ನಾರೆದ್ದು, ಬೋಳಾಗಿತ್ತು. ಉಗುರಿನ ಗೀರುಗಳಿದ್ದವು. ಮೇಲಂಗಿಯ ಕೆಳಮೂಲೆಯ ಒಳಬದಿ ಕರ್ರಗೆ, ಎಣ್ಣೆ ಹಿಡಿದಂತೆ ಹೊಳೆಯುತ್ತಿತ್ತು. ನಾನು ಮುಟ್ಟದೆ ಅದರ ಮೇಲೆ ಹೆಬ್ಬೆರಳು ಹಿಡಿದು ನೋಡಿದೆ. ಅಷ್ಟೇ ಅಗಲ.

"ತೋಳಾನೋ ನರೀನೋ ಹೇಗೆ ಹೇಳೋದು?" ಎಂದು ಪ್ಯಾಟ್ರಿಕ್ ತಲೆ ಹಿಡಿದುಕೊಂಡ. ಪಾಪ, ಅವನ ಲೇಖನ ತೋಳದ ಮೇಲೆಯೇ ನಿಂತಿತ್ತು. ಆದರೆ ಮಂಡಳಿಗೆ ಬೇರೆ ಚಿಂತೆ. ಫೋಟೊ ನೋಡಿದವರು ಒಂದೇ ಮಾತು ಹೇಳಿಕಳಿಸಿದರು: ಚೆನ್ನಾಗಿ ಬಿಚ್ಚಿದ್ದೀರಿ, ಆ ಗಲೀಜು ಮೂಲೆ ಶುಚಿ ಮಾಡಿ.

ಹೆಲೆನ್ ಹತ್ತಿ ಸುತ್ತಿದ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿದರು. ಅಷ್ಟು ಸುಲಭವಾದ ಕೆಲಸಕ್ಕೆ ಅವರ ಬೆರಳು ಸಾಕಿತ್ತು. ನನಗೆ ತಡೆಯಲಾಗಲಿಲ್ಲ. ವಿಜಯಪುರದ ಗೋಡೆ, ಸಗಣಿ ಬಿದ್ದ ಖಳನಾಯಕ, ಹುಸೇನ್ ಮಾಮಾ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಹೆಲೆನ್, ಇದು ಗಲೀಜಲ್ಲ. ಈ ಪಿಚ್ಚರ್ ಓಡಿದೆ! ಜನ ಸಾಲಾಗಿ ಬಂದಿದಾರೆ, ಈ ಮೂಲೆ ಹಿಡಿದು ಎತ್ತಿದಾರೆ, ಅವನ ಮೂತಿಗೆ ತಿವಿದು ನಕ್ಕಿದಾರೆ. ಇದನ್ನು ಒರೆಸಿದರೆ ಅವರನ್ನೆಲ್ಲ ಮನೆಯಿಂದ ಹೊರಗೆ ಹಾಕಿದ ಹಾಗೆ."

ಅವರು ಕಡ್ಡಿ ಹಿಡಿದೇ ಕುಳಿತರು. "ನನ್ನ ಗುರು ಇದ್ದಿದ್ದರೆ ಇಷ್ಟು ಹೊತ್ತಿಗೆ ಬೆಳ್ಳಗೆ ಮಾಡಿರೋರು," ಎಂದರು.

"ನೀವು?"

ಹತ್ತಿಯ ಕಡ್ಡಿ ಕಸದ ಡಬ್ಬಿಗೆ ಬಿತ್ತು. ಮಂಡಳಿಗೆ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಎರಡನೆಯ ಸಲ ತಮ್ಮ ಮಾತನ್ನು ಪಣವಿಟ್ಟರು ಎಂಬುದಷ್ಟೇ ಗೊತ್ತು. ಪ್ಯಾಟ್ರಿಕ್ ಕೂಡ ದೊಡ್ಡ ಮನಸ್ಸಿನವನು. ಲೇಖನದಲ್ಲಿ ತೋಳವನ್ನು ಹೊಡೆದುಹಾಕಿ, "ಪ್ರಾಣಿ, ಮುಖವನ್ನು ನೋಡಿದವರು ಅಳಿಸಿದ್ದಾರೆ" ಎಂದು ಬರೆದ. ದೋಸೆ ಇಬ್ಬರೂ ಸೇರಿ ತಿಂದೆವು.

ಪ್ರದರ್ಶನದಲ್ಲಿ ಅಸಲು ಹಾಳೆ ಗಾಜಿನೊಳಗೆ ತೆರೆದುಕೊಂಡೇ ಮಲಗಿತ್ತು. ಪಕ್ಕದಲ್ಲಿ ನಾನು ಮಾಡಿದ ನಕಲು, ಜನ ಎತ್ತಿ ನೋಡಲೆಂದು. ಮುಖ ಅದರಲ್ಲೂ ಇಲ್ಲ, ಮೂಲೆ ಮಾತ್ರ ಹೊಚ್ಚಹೊಸದು. ಬಂದವರ ಗದ್ದಲ ನೋಡಬೇಕಿತ್ತು! ಸೂಟು ತೊಟ್ಟ ಗಂಭೀರ ಮನುಷ್ಯರು ಮೇಲಂಗಿ ಎತ್ತಿ ಕಿಸಕ್ಕೆಂದು ನಗುತ್ತಿದ್ದರು. ಫೆಲ್ಥಮ್‌ನಿಂದ ಬಂದ ನನ್ನ ಭಾವಮೈದುನ ಎತ್ತಿ ನೋಡಿ, "ಮಾವಾರ, ಇಂವ ನಮ್ಮ ಸೂಪರ್‌ವೈಸರ್ ಅದಾನಲ್ರೀ! ಕಿವಿ ನೋಡ್ರಿ, ಅಂವಂದಽ!" ಎಂದು ಕೂಗಿದ, ಕಾವಲಿನವನು ಶ್ ಎಂದ. ಶಾಂತಾ ಬಹಳ ಹೊತ್ತು ನೋಡಿದಳು. "ತೋಳನೂ ಅಲ್ಲ, ನರಿನೂ ಅಲ್ಲ. ನಾಯಿ ಐತ್ರಿ ಅದು. ಕಾಯಾಕ ಇಟ್ಟಿದ್ದ ನಾಯಿ." ಪ್ಯಾಟ್ರಿಕ್‌ಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಜೇಬಿನಿಂದ ಪೆನ್ನು ತೆಗೆದು ಅದನ್ನು ಅಂಗೈ ಮೇಲೆ ಬರೆದುಕೊಂಡ.

ಪ್ರದರ್ಶನ ಮುಗಿಯುವ ಮುಂಚೆ ಕೆಳಗಿನಿಂದ ಫೋನು ಬಂತು: ನಕಲಿನ ಮೂಲೆ ಕಪ್ಪಾಗಿದೆ, ಅಸಹ್ಯವಾಗಿ ಕಾಣುತ್ತದೆ, ಬದಲಾಯಿಸಿ. ಹೊಸ ಮೇಲಂಗಿ ಕತ್ತರಿಸಿ, ಬಣ್ಣ ಹಾಕಿ, ಹಿಡಿದುಕೊಂಡು ಇಳಿದೆ.

ಅಲ್ಲಿ ಹೆಲೆನ್ ನಿಂತಿದ್ದರು. ಅಷ್ಟರಲ್ಲಿ ನಿವೃತ್ತರಾಗಿ ಮನೆ ಸೇರಿದ್ದರು, ಟಿಕೆಟ್ ತೆಗೆದುಕೊಂಡು ಬಂದಿದ್ದರು. ಕೋಟಿನ ಮೇಲೆ ಮಳೆಹನಿ, ಒಂದು ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ನನ್ನನ್ನು ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಆ ಕಪ್ಪು ಮೂಲೆಯನ್ನು, ಆಮೇಲೆ ಗಾಜಿನೊಳಗಿನ ಅಸಲು ಮೂಲೆಯನ್ನು. ಅದೇ ಜಾಗ, ಅದೇ ಅಗಲ.

ನಾನು ಹೊಸ ಮೇಲಂಗಿಯನ್ನು ಬೆನ್ನ ಹಿಂದೆ ಅಡಗಿಸಿದೆ.

ಹೆಲೆನ್ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡರು. ಆ ಸೊಟ್ಟ ಹೆಬ್ಬೆರಳನ್ನು ಕಪ್ಪು ಮೂಲೆಯ ಮೇಲಿಟ್ಟು ಎತ್ತಿದರು, ಇನ್ನೊಂದು ಕೈಯ ತೋರುಬೆರಳಿನಿಂದ ಆ ಮುಖವಿಲ್ಲದ ಪ್ರಾಣಿಯ ಮೂತಿಗೆ ಒಂದು ತಿವಿತ ತಿವಿದು, ಕೋಣೆಯೆಲ್ಲ ತಿರುಗಿ ನೋಡುವಂತೆ ನಕ್ಕರು.

ಕೈ ತೊಳೆದುಕೊಂಡಿರಲಿಲ್ಲ.